ಒಟ್ಟು ತೂಕ 3,480 ಕೆಜಿ, ಮಿತಿ 3,500. ಆದರೂ ಹಿಂದಿನ ಆಕ್ಸಲ್ ಮೀರಿದೆ, ಏನು ಮಾಡಬೇಕು?

ಗಾಲಿಮನೆ

ಮೋಟರ್‌ಹೋಮ್ (ಒಳಗೇ ವಾಸ ಮಾಡುವ ಮನೆಗಾಡಿ) ಪೂರ್ತಿ ಲೋಡ್ ಮಾಡಿ ವೇ ಬ್ರಿಡ್ಜ್ ಮೇಲೆ ತೂಗಿಸಿದ ಲೆಕ್ಕ ಇದು. ನಾಲ್ಕು ಜನ ಅವರವರ ಸೀಟಿನಲ್ಲಿ, ಡೀಸೆಲ್ ಫುಲ್, ಶುದ್ಧ ನೀರು 100 ಲೀಟರ್, ಗ್ರೇ ಟ್ಯಾಂಕ್ (ಬಳಸಿದ ನೀರಿನದು) ಖಾಲಿ, ಹಿಂಬದಿ ರ‍್ಯಾಕಿನಲ್ಲಿ ಎರಡು ಇ-ಸೈಕಲ್.

ಒಟ್ಟು 3,480 ಕೆಜಿ (ಗಾಡಿಗೆ ಅಂಟಿಸಿದ ತೂಕದ ಪ್ಲೇಟಿನ ಮಿತಿ 3,500)
ಮುಂದಿನ ಆಕ್ಸಲ್ 1,440 (ಮಿತಿ 1,850)
ಹಿಂದಿನ ಆಕ್ಸಲ್ 2,040 (ಮಿತಿ 2,000)

ಉದ್ದ 7 ಮೀಟರ್, ವೀಲ್‌ಬೇಸ್ (ಎರಡು ಆಕ್ಸಲ್ ನಡುವಿನ ದೂರ) 4 ಮೀಟರ್, ಮುಂದಿನ ಚಕ್ರಕ್ಕೆ ಡ್ರೈವ್. ಟೈರ್ 215/70 ಆರ್15 ಸಿಪಿ, ಲೋಡ್ ಇಂಡೆಕ್ಸ್ 109.

ಎರಡು ಪ್ರಶ್ನೆ. ಬ್ರೋಷರಿನಲ್ಲಿ ಗಾಡಿಯ ತೂಕ 2,960 ಅಂತಿದೆ, ಅಂದರೆ 540 ಕೆಜಿ ಪೇಲೋಡ್ (ಹೇರಬಹುದಾದ ತೂಕ) ಸಿಗಬೇಕು. ನನ್ನನ್ನು ಬಿಟ್ಟು ಮೂವರು 190 ಕೆಜಿ, ಸೈಕಲ್ ಸೇರಿ ಸಾಮಾನು 150 ಕೆಜಿ. ಉಳಿದದ್ದು ಎಲ್ಲಿ ಹೋಯಿತು? ಮತ್ತೆ, ಮುಂದೆ 410 ಕೆಜಿ ಜಾಗ ಖಾಲಿ ಇದ್ದು ಒಟ್ಟು ತೂಕವೂ ಮಿತಿಯೊಳಗೇ ಇರುವಾಗ ಹಿಂದಿನ 40 ಕೆಜಿಯನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಬೇಕಾ?

ತಕ್ಕಡಿ

ಎರಡನೇ ಪ್ರಶ್ನೆಗೆ ಮೊದಲು: ಹೌದು, ಹಚ್ಚಿಕೊಳ್ಳಲೇಬೇಕು. ಪ್ಲೇಟಿನಲ್ಲಿರುವ ಪ್ರತಿಯೊಂದು ಸಂಖ್ಯೆಯೂ ತನ್ನಷ್ಟಕ್ಕೆ ಒಂದು ಮಿತಿ. ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದಕ್ಕೆ ಜಮಾ ಮಾಡಿಕೊಳ್ಳಲು ಬರುವುದಿಲ್ಲ. ಮುಂದಿನದು 1,850, ಹಿಂದಿನದು 2,000, ಕೂಡಿದರೆ 3,850 ಆಗುತ್ತದೆ. ಒಟ್ಟು ಮಿತಿ ಮಾತ್ರ 3,500. ಲೋಡ್ ಸ್ವಲ್ಪ ಹಿಂದೆ ಮುಂದೆ ಆದರೂ ತಡೆದುಕೊಳ್ಳಲಿ ಎಂದೇ ಆಕ್ಸಲ್‌ಗಳಿಗೆ ಆ 350 ಕೆಜಿ ಹೆಚ್ಚುವರಿ ಕೊಟ್ಟಿರುತ್ತಾರೆ. ನಿಮ್ಮ ಗಾಡಿಯಲ್ಲಿ ಆ ಅವಕಾಶವೂ ಮುಗಿದಿದೆ.

ಯುರೋಪಿನ ಪ್ಲೇಟಿನಲ್ಲಿ ನಾಲ್ಕು ಸಾಲು ಇರುತ್ತವೆ: ಒಟ್ಟು, ಟ್ರೇಲರ್ ಸೇರಿದ ಒಟ್ಟು, 1ನೇ ಆಕ್ಸಲ್, 2ನೇ ಆಕ್ಸಲ್. ಚಾಸಿ ಕಂಪನಿಯದು ಒಂದು, ಮೇಲೆ ಮನೆ ಕಟ್ಟಿದವರದು ಇನ್ನೊಂದು, ಹೀಗೆ ಎರಡು ಪ್ಲೇಟ್ ಕಂಡರೆ ಕೊನೆಯ ಹಂತದವರು ಹಾಕಿದ್ದನ್ನೇ ನೋಡಬೇಕು. ತುಂಬ ಜನ ಬಾನೆಟ್ ಒಳಗಿನ ಚಾಸಿ ಪ್ಲೇಟ್ ಓದಿ ಸಮಾಧಾನಪಟ್ಟುಕೊಂಡಿರುತ್ತಾರೆ.

ಇನ್ನು ಬ್ರೋಷರಿನ 2,960. ಆ ಸಂಖ್ಯೆಯಲ್ಲಿ 75 ಕೆಜಿಯ ಡ್ರೈವರ್ ಒಬ್ಬರು, 90% ಇಂಧನ, ಗ್ಯಾಸ್, ಮತ್ತು ಕಂಪನಿ ಹೇಳಿದಷ್ಟು ನೀರು ಸೇರಿರುತ್ತದೆ. ಇಂಥ ಗಾಡಿಗಳಲ್ಲಿ ‘ಪ್ರಯಾಣದ ಮಟ್ಟ’ ಅಂತ 20 ಲೀಟರ್ ಮಾತ್ರ ಲೆಕ್ಕಕ್ಕೆ ಹಿಡಿದಿರುವುದು ಸಾಮಾನ್ಯ. ನೀವು ತೂಗಿದ್ದು 100 ಲೀಟರಿಗೆ, ಅಲ್ಲೇ 80 ಕೆಜಿ ಬಂತು. ಆ ಮೇಲೆ 190 + 150 ಸೇರಿಸಿ: 2,960 + 80 + 190 + 150 = 3,380. ಸಿಗದೇ ಇರುವುದು 100 ಕೆಜಿ. ಗಾಡಿ ಕೊಂಡ ಮೇಲೆ ಅಥವಾ ಕೊಳ್ಳುವಾಗ ಏನೇನು ಹಾಕಿಸಿದ್ದೀರಿ, ಪಟ್ಟಿ ಕೊಡಿ.

ಗಾಲಿಮನೆ

4 ಮೀಟರ್ ಆನಿಂಗ್ (ಪಕ್ಕಕ್ಕೆ ಬಿಚ್ಚುವ ನೆರಳಿನ ಚಪ್ಪರ), ಚೌಕಟ್ಟಿನ 100 ವ್ಯಾಟ್ ಸೋಲಾರ್ ಪ್ಯಾನೆಲ್ ಎರಡು, ಡ್ರೈವರ್ ಸೀಟಿನ ಕೆಳಗೆ ಎರಡನೇ ಬ್ಯಾಟರಿ (100 ಆಂಪಿಯರ್-ಅವರ್, ಅಂದರೆ ಎಎಚ್; ಎಜಿಎಂ ಎಂಬ ಸೀಸದ ಬ್ಯಾಟರಿ), ಸೈಕಲ್ ರ‍್ಯಾಕ್.

ತಕ್ಕಡಿ

ಸಿಕ್ಕಿತು. ಆನಿಂಗ್ 32ರ ಆಸುಪಾಸು, ಬ್ರಾಕೆಟ್ ಸೇರಿ ಪ್ಯಾನೆಲ್‌ಗಳು 20, ಎಜಿಎಂ ಬ್ಯಾಟರಿ 27, ರ‍್ಯಾಕ್ 15. ಅಲ್ಲಿಗೆ 94. ಟ್ಯಾಂಕ್ 90 ಲೀಟರಿನದಾದರೆ ಉಳಿದ 10% ಡೀಸೆಲ್ 9 ಲೀಟರ್, ಲೀಟರಿಗೆ 0.84ರಂತೆ 7 ಕೆಜಿ ಚಿಲ್ಲರೆ. ಲೆಕ್ಕ ತಾಳೆಯಾಯಿತು.

ಎಲ್ಲರ ಗಾಡಿಯಲ್ಲೂ ಇಷ್ಟು ಚೊಕ್ಕವಾಗಿ ತಾಳೆ ಆಗುವುದಿಲ್ಲ. ಯುರೋಪಿಯನ್ ಯೂನಿಯನ್ ನಿಯಮದಲ್ಲಿ ಬ್ರೋಷರಿನ ತೂಕಕ್ಕೂ ನಿಜವಾದ ಗಾಡಿಗೂ 5% ವ್ಯತ್ಯಾಸ ಇರಬಹುದು. 2,960ರ 5% ಅಂದರೆ 148 ಕೆಜಿ! ಅದೇ ನಿಯಮ ಸಾಮಾನಿಗೆಂದು ಬಿಡಬೇಕಾದ ಕನಿಷ್ಠ ಪೇಲೋಡನ್ನೂ ಹೇಳುತ್ತದೆ: 10 × (ಡ್ರೈವರ್ ಸೇರಿ ಜನ + ಮೀಟರಿನಲ್ಲಿ ಉದ್ದ). ನಾಲ್ಕು ಸೀಟು, 7 ಮೀಟರಿಗೆ 110 ಕೆಜಿ. ನಾಲ್ಕು ಜನರ ಬಟ್ಟೆ, ಹಾಸಿಗೆ, ಟೇಬಲ್, ಕುರ್ಚಿ, ಟೂಲ್ಸ್, ಸೈಕಲ್ ಎಲ್ಲಕ್ಕೂ ಸೇರಿ 110. ಹೊಸ ಗಾಡಿ ನೋಡಲು ಹೋಗುವವರು ಸೀಟು ಎಷ್ಟು, ಹಾಸಿಗೆ ಎಷ್ಟು ಎಂದು ಕೇಳುವ ಮೊದಲು ಹಾಕಿಸಿದ ಆಪ್ಷನ್ ಎಲ್ಲ ಸೇರಿದ ‘ನಿಜ ತೂಕ’ ಎಷ್ಟು ಎಂದು ಬರೆದುಕೊಡಿಸಿಕೊಳ್ಳಿ.

ಹೆದ್ದಾರಿ_ಹಕ್ಕಿ

ಇದನ್ನು ಓದುವವರಿಗೆ ಒಂದು ಮಾತು: ಅಮೆರಿಕದ ಗಾಡಿಗಳ ಸ್ಟಿಕ್ಕರ್ ಬೇರೆ ಥರ ಲೆಕ್ಕ ಹಾಕುತ್ತದೆ. ಅಲ್ಲಿ ಬರೆದಿರುವುದು ಜನ ಮತ್ತು ಸಾಮಾನು ಎರಡೂ ಸೇರಿ ಎಷ್ಟು ಹೇರಬಹುದು ಅಂತ, ಡ್ರೈವರ್ ಕೂಡ ಅದರೊಳಗೇ. ನೀರಿನ ಫುಲ್ ಟ್ಯಾಂಕ್ ಎಷ್ಟು ತೂಗುತ್ತದೆ ಎಂದು ಕೆಳಗೆ ಪ್ರತ್ಯೇಕವಾಗಿ ಬರೆದಿರುತ್ತದೆ, ಅದನ್ನೂ ಕಳೆಯಬೇಕು. ಟ್ರೇಲರ್ ಎಳೆದರೆ ಹುಕ್ಕಿನ ಮೇಲೆ ಬೀಳುವ ಭಾರವೂ ಸಾಮಾನಿನ ಲೆಕ್ಕಕ್ಕೇ. ಎರಡು ಪದ್ಧತಿ ಬೆರೆಸಿ ಹೋಲಿಸಿದರೆ ಒಂದು ಗಾಡಿ ಸುಮ್ಮನೆ 150 ಕೆಜಿ ಉದಾರವಾಗಿ ಕಾಣಿಸುತ್ತದೆ.

ಸನ್ನೆಕೋಲು

ಸರ್, ನಿಮ್ಮ ಅಸಲಿ ಸಮಸ್ಯೆ ತೂಕ ಹೆಚ್ಚಾಗಿರುವುದಲ್ಲ, ಅದು ಕೂತಿರುವ ಜಾಗ. ಹಿಂದಿನ ಆಕ್ಸಲ್‌ನಿಂದ ಆಚೆ ನೇತಾಡುವ ಪ್ರತಿ ಕೆಜಿಯೂ ಆಕ್ಸಲ್ ಮೇಲೆ ಒಂದು ಕೆಜಿಗಿಂತ ಹೆಚ್ಚು ಬೀಳುತ್ತದೆ. ಸೂತ್ರ ಇಷ್ಟೇ:

ಹಿಂದಿನ ಆಕ್ಸಲ್‌ಗೆ ಬೀಳುವುದು = ವಸ್ತುವಿನ ತೂಕ × (ಮುಂದಿನ ಆಕ್ಸಲ್‌ನಿಂದ ವಸ್ತುವಿಗೆ ಇರುವ ದೂರ ÷ ವೀಲ್‌ಬೇಸ್)

ನಿಮ್ಮ ಸೈಕಲ್ ರ‍್ಯಾಕ್ ತಗೊಳ್ಳಿ. ರ‍್ಯಾಕ್ 15, ಸೈಕಲ್ 45, ಒಟ್ಟು 60 ಕೆಜಿ. ಅದರ ಮಧ್ಯ ಹಿಂದಿನ ಆಕ್ಸಲ್‌ನಿಂದ 2.2 ಮೀಟರ್ ಹಿಂದೆ ಇದೆ ಎಂದುಕೊಂಡರೆ ಮುಂದಿನ ಆಕ್ಸಲ್‌ನಿಂದ 6.2. ಆಗ 60 × 6.2 ÷ 4 = 93 ಕೆಜಿ ಹಿಂದೆ ಬೀಳುತ್ತದೆ. ಹೇರಿದ್ದು 60, ಬಿದ್ದದ್ದು 93. ಮಿಕ್ಕ 33 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ ಎತ್ತಿಕೊಂಡು ಬಂತು. ಏತ ಹಾಕಿದ ಹಾಗೆ, ಬಾಲ ಕೆಳಗೆ ಹೋದಷ್ಟೂ ಮೂಗು ಮೇಲೆ. ಮುಂದೆ ಡ್ರೈವ್ ಇರುವ ಗಾಡಿಗೆ ಇದು ಎರಡು ಪಟ್ಟು ನಷ್ಟ: ಒದ್ದೆ ಹುಲ್ಲು, ಏರು ದಾರಿಯಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ, ಸ್ಟಿಯರಿಂಗ್ ಹಗುರಾಗಿ ಅಡ್ಡಗಾಳಿಗೆ ಗಾಡಿ ಅಲೆಯುತ್ತದೆ.

ಹಿಂದಿನ ಗ್ಯಾರೇಜ್ (ಗಾಡಿಯೊಳಗೆ ಸಾಮಾನು ಇಡುವ ಜಾಗ) ಎಲ್ಲಿದೆ, ನೀರಿನ ಟ್ಯಾಂಕ್ ಎಲ್ಲಿದೆ, ಟೇಪ್ ಹಿಡಿದು ಹಿಂದಿನ ಚಕ್ರದ ನಡು ಬಿಂದುವಿನಿಂದ ಅಳೆದು ಹೇಳಿ. ಅಂದಾಜು ಬೇಡ.

ಗಾಲಿಮನೆ

ಅಳೆದೆ. ಗ್ಯಾರೇಜಿನ ಮಧ್ಯ ಹಿಂದಿನ ಆಕ್ಸಲ್‌ನಿಂದ 1.3 ಮೀಟರ್ ಹಿಂದೆ. ಶುದ್ಧ ನೀರಿನ ಟ್ಯಾಂಕ್ ಆಕ್ಸಲ್‌ನಿಂದ 1.2 ಮೀಟರ್ ಮುಂದೆ. ರ‍್ಯಾಕ್ ನೀವು ಹೇಳಿದ ಹಾಗೆ 2.2. ಗ್ಯಾರೇಜಿನಲ್ಲಿ ಟೂಲ್ ಬಾಕ್ಸ್, ಲೆವೆಲಿಂಗ್ ರ‍್ಯಾಂಪ್, ಮಡಿಚುವ ಟೇಬಲ್-ಕುರ್ಚಿ, ಕೇಬಲ್, ಪೈಪು. ಬಾಗಿಲು ಎಡಗಡೆ ಇರುವುದರಿಂದ ಹೆಚ್ಚಿನದೆಲ್ಲ ಎಡಕ್ಕೇ ಇದೆ.

ಸನ್ನೆಕೋಲು

ಹಾಗಾದರೆ ನಿಮ್ಮ ಗಾಡಿಯ ಗುಣಾಂಕಗಳು ಇವು, ಕಪಾಟಿನ ಬಾಗಿಲ ಒಳಗೆ ಬರೆದು ಅಂಟಿಸಿ. 1 ಕೆಜಿಗೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು: ರ‍್ಯಾಕಿನಲ್ಲಿ 1.55, ಗ್ಯಾರೇಜಿನಲ್ಲಿ 1.33, ನೀರಿನ ಟ್ಯಾಂಕಿನಲ್ಲಿ 0.70, ಗಾಡಿಯ ನಟ್ಟನಡುವೆ 0.50, ಮುಂದಿನ ಸೀಟಿನ ಕೆಳಗೆ ಸುಮಾರು 0.20.

ಈಗ ಇದರ ಮೇಲೆ ಕೆಲಸ ಮಾಡಿ. ನೀರು 100ರಿಂದ 20 ಲೀಟರಿಗೆ ಇಳಿಸಿದರೆ ಹಿಂದೆ 56 ಕೆಜಿ ಕಡಿಮೆ. ಗ್ಯಾರೇಜಿನಿಂದ 40 ಕೆಜಿ ತೆಗೆದು ಡೈನಿಂಗ್ ಸೀಟಿನ ಕೆಳಗೆ, ಅಂದರೆ ನಟ್ಟನಡುವೆ ಇಟ್ಟರೆ 53 ಹೋಗಿ 20 ಬರುತ್ತದೆ, ಉಳಿತಾಯ 33. ಒಂದು ವಸ್ತುವನ್ನೂ ಮನೆಯಲ್ಲಿ ಬಿಡದೆ ಇಷ್ಟು. ಗ್ಯಾರೇಜಿನಲ್ಲಿದ್ದ 25 ಕೆಜಿ ಬೇಡದ ಸಾಮಾನು ಮನೆಯಲ್ಲೇ ಬಿಟ್ಟರೆ ಇನ್ನೂ 33. ಸೈಕಲ್‌ಗಳ ಬ್ಯಾಟರಿ ಬಿಚ್ಚಿ ಒಳಗಿಡಿ, ತಲಾ 3 ಕೆಜಿಯಾದರೂ ಇರುತ್ತದೆ. ಹಿಂದೆ 6 ಕೆಜಿ ಇಳಿಯುತ್ತದೆ, ಮಳೆಗೂ ಅದೇ ಒಳ್ಳೆಯದು.

ಭಾರದ ವಸ್ತು ನೆಲದ ಮಟ್ಟದಲ್ಲಿ, ಎರಡು ಆಕ್ಸಲ್ ನಡುವೆ. ತಲೆ ಮೇಲಿನ ಕಪಾಟುಗಳಲ್ಲಿ ಬಟ್ಟೆಗಿಂತ ಭಾರದ್ದು ಬೇಡ.

ಸ್ಪ್ಯಾನರ್_12

ನನಗೆ ಆಕ್ಸಲ್‌ಗಿಂತ ಟೈರಿನದೇ ಯೋಚನೆ. ಲೋಡ್ ಇಂಡೆಕ್ಸ್ 109 ಅಂದರೆ ಒಂದು ಟೈರಿಗೆ 1,030 ಕೆಜಿ. ಎರಡು ಸೇರಿ 2,060. ನಿಮ್ಮ 2,040 ಅದರೊಳಗೆ ಇದೆಯಲ್ಲ ಎಂದು ಕಾಣಬಹುದು. ಆದರೆ ಅದು ಎಡ ಬಲ ಸರಿಸಮ ಹಂಚಿದ್ದರೆ ಮಾತ್ರ. ಎಡಗಡೆ ಗ್ಯಾರೇಜ್ ಸಾಮಾನು ಇದೆ ಅಂತೀರಿ. ಆನಿಂಗ್, ಫ್ರಿಜ್ ಯಾವ ಕಡೆ? ಅವೂ ಎಡಕ್ಕೇ ಇದ್ದರೆ ಆ ಟೈರ್ ಮಿತಿ ದಾಟಿರುವ ಸಂಭವವೇ ಹೆಚ್ಚು. ವೀಲ್ ಪ್ಯಾಡ್ (ಚಕ್ರದ ಕೆಳಗಿಡುವ ತಕ್ಕಡಿ) ಇಟ್ಟು ಒಂದೊಂದೇ ಚಕ್ರ ತೂಗಿ.

ಮಿತಿ ಮೀರಿದ ಟೈರ್ ಮೊದಲ ದಿನ ಏನೂ ಹೇಳುವುದಿಲ್ಲ. ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ, ಬಿಸಿಯಾದಷ್ಟೂ ಒಳಗಿನ ಪದರಗಳ ಅಂಟು ಸಡಿಲ. ಗಾಳಿಯೂ ಕಡಿಮೆ ಇದ್ದರೆ ಕತೆ ಇನ್ನೂ ಬೇಗ ಮುಗಿಯುತ್ತದೆ. ಕೊನೆಗೆ ಬಿಸಿಲಿನ ಮಧ್ಯಾಹ್ನ, ಹೆದ್ದಾರಿ ವೇಗದಲ್ಲಿ ಸಿಡಿಯುತ್ತದೆ. ಸಿಡಿದ ಪಟ್ಟಿ ಚಕ್ರದ ಕಮಾನಿನೊಳಗೆ ಬಡಿದು ನೀರಿನ ಪೈಪು, ವೈರಿಂಗ್ ಹರಿದ ಗಾಡಿಗಳು ವರ್ಕ್‌ಶಾಪಿಗೆ ಬರುತ್ತಲೇ ಇರುತ್ತವೆ.

ಸಿಪಿ ಟೈರ್ ಮೋಟರ್‌ಹೋಮ್‌ಗೆಂದೇ ಮಾಡಿದ್ದು. ಹಿಂದಿನ ಆಕ್ಸಲ್‌ನಲ್ಲಿ ಸಿಂಗಲ್ ಟೈರಾಗಿ ಇದ್ದಾಗ 5.5 ಬಾರ್, ಅಂದರೆ 80 ಪಿಎಸ್‌ಐ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗಲೇ ನೋಡಬೇಕು. ಓಡಿಸಿದ ಮೇಲೆ ಒತ್ತಡ ಏರಿದೆ ಎಂದು ಗಾಳಿ ಬಿಡಬೇಡಿ. ಇಲ್ಲಿ ಇನ್ನೊಂದು ಕಣ್ತಪ್ಪುವ ಸಂಗತಿ: ಮಾಮೂಲಿ ರಬ್ಬರ್ ವಾಲ್ವ್ 4.5 ಬಾರ್‌ವರೆಗೆ ಮಾತ್ರ. ಟೈರ್ ಬದಲಿಸುವಾಗ ಅಂಗಡಿಯವರು ಕಾರಿನ ವಾಲ್ವ್ ತೂರಿಸಿಬಿಟ್ಟರೆ ಬುಡದಲ್ಲಿ ಬಿರುಕು ಬಿಟ್ಟು ಗಾಳಿ ಸೋರಲು ಶುರುವಾಗುತ್ತದೆ. ಹೈ ಪ್ರೆಶರ್ ವಾಲ್ವ್ ಅಥವಾ ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿಸಿ. ರಿಮ್‌ನ ಒಳಮೈಯಲ್ಲಿ ಅದರ ಲೋಡ್ ಕೆತ್ತಿರುತ್ತಾರೆ, ಅದನ್ನೂ ಓದಿ.

ಗಾಲಿಮನೆ

ಆನಿಂಗ್ ಬಲಕ್ಕೆ. ಫ್ರಿಜ್, ಗ್ಯಾಸ್ ಸಿಲಿಂಡರ್ ಎಡಕ್ಕೆ. ಒಂದು ಜೊತೆ ವೀಲ್ ಪ್ಯಾಡ್ ಎರವಲು ಸಿಕ್ಕಿದೆ. ಪ್ಯಾಡ್ 5 ಸೆಂಮೀ ದಪ್ಪ. ಸುಮ್ಮನೆ ಹಿಂದಿನ ಎರಡು ಚಕ್ರದ ಕೆಳಗೆ ಇಟ್ಟರೆ ಆಯಿತಾ?

ತಕ್ಕಡಿ

ಬೇಡ. ಸಮತಟ್ಟಾದ ಕಾಂಕ್ರೀಟ್ ನೆಲ ಹುಡುಕಿ. ಮುಂದಿನ ಎರಡು ಚಕ್ರದ ಕೆಳಗೂ 5 ಸೆಂಮೀ ಹಲಗೆ ಕೊಡಿ, ನಾಲ್ಕೂ ಒಂದೇ ಎತ್ತರದಲ್ಲಿ ನಿಲ್ಲಬೇಕು. ಒಂದೇ ಪ್ಯಾಡ್ ಇದ್ದು ಒಂದು ಚಕ್ರವನ್ನಷ್ಟೇ ಎತ್ತಿದರೆ ಆ ಮೂಲೆಯ ಸ್ಪ್ರಿಂಗ್ ಹೆಚ್ಚು ಒತ್ತಿಕೊಂಡು ಇಲ್ಲದ ತೂಕ ತೋರಿಸುತ್ತದೆ. ಪ್ಯಾಡ್ ಮೇಲೆ ಹತ್ತಿದ ಮೇಲೆ ಗೇರ್ ನ್ಯೂಟ್ರಲ್, ಬ್ರೇಕಿನಿಂದ ಕಾಲು ತೆಗೆಯಿರಿ, ಹ್ಯಾಂಡ್ ಬ್ರೇಕ್ ಬಿಡಿ (ಚಕ್ರಕ್ಕೆ ಅಡ್ಡ ಕೊಟ್ಟಿರಬೇಕು, ಆದರೆ ಒತ್ತಿಕೊಂಡಿರಬಾರದು). ಬ್ರೇಕ್ ಹಿಡಿದೇ ಇದ್ದರೆ ನಿಲ್ಲಿಸುವಾಗ ಮೂಗು ತಗ್ಗಿಸಿದ ಗಾಡಿ ಹಾಗೇ ಸಿಕ್ಕಿಕೊಂಡು ಮುಂದಿನ ತೂಕ ಹೆಚ್ಚಾಗಿ ಕಾಣುತ್ತದೆ.

ವೇ ಬ್ರಿಡ್ಜ್‌ಗೂ ಇದೇ ಶಿಸ್ತು. ಕ್ರಮ: ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲೆ, ಚೀಟಿ. ಇಡೀ ಗಾಡಿ, ಚೀಟಿ. ಹಿಂದಿನ ಚಕ್ರ ಮಾತ್ರ, ಚೀಟಿ. ಎಲ್ಲರೂ ಅವರವರ ಸೀಟಿನಲ್ಲೇ ಇರಬೇಕು, ಮೀಟರ್ ನೋಡಲು ಒಬ್ಬರು ಇಳಿದು ಓಡಿದರೆ ಆ ತೂಕ ಹೋಯಿತು. ಮುಂದಿನದೂ ಹಿಂದಿನದೂ ಕೂಡಿದರೆ ಇಡೀ ಗಾಡಿಯ ತೂಕ ಬರಬೇಕು. 40 ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪ್ಲಾಟ್‌ಫಾರಂಗೆ ಹತ್ತುವ ದಾರಿ ಇಳಿಜಾರಾಗಿದೆಯಾ ನೋಡಿ. ಗಾಡಿ 3% ವಾಲಿ ನಿಂತರೂ, ಗುರುತ್ವ ಕೇಂದ್ರ 1.2 ಮೀಟರ್ ಎತ್ತರದಲ್ಲಿದ್ದರೆ 3,480 × 1.2 × 0.03 ÷ 4, ಅಂದರೆ 31 ಕೆಜಿ ಒಂದು ಆಕ್ಸಲ್‌ನಿಂದ ಇನ್ನೊಂದಕ್ಕೆ ಜಾರುತ್ತದೆ. ನಿಮ್ಮ ಮೂರು ಸಂಖ್ಯೆ ಕರಾರುವಾಕ್ಕಾಗಿ ಕೂಡುತ್ತವೆ, ಆ ಬ್ರಿಡ್ಜ್ ನಂಬಬಹುದು.

ನಂಬುವುದಕ್ಕೂ ಒಂದು ಎಲ್ಲೆ ಇದೆ. ಚೀಟಿಯ ಸಂಖ್ಯೆಗಳು 20ರ ಹೆಜ್ಜೆಯಲ್ಲಿವೆ. ಅಂಥ ಬ್ರಿಡ್ಜ್‌ಗೆ 10 ಟನ್ ಒಳಗಿನ ತೂಕದಲ್ಲಿ, ಬಳಕೆಯಲ್ಲಿರುವಾಗ, ಆಚೀಚೆ 20 ಕೆಜಿ ತಪ್ಪನ್ನು ಮಾಪನ ನಿಯಮವೇ ಒಪ್ಪುತ್ತದೆ. ಅಂದರೆ ನಿಮ್ಮ 3,480 ನಿಜದಲ್ಲಿ 3,500 ಕೂಡ ಆಗಿರಬಹುದು. ಒಟ್ಟಿನಲ್ಲಿ 50, ಹಿಂದಿನ ಆಕ್ಸಲ್‌ನಲ್ಲಿ 50 ಕೆಜಿ ಉಳಿಸಿಕೊಂಡು ಹೊರಡುವುದು ಸರಿ.

ನೀರಿನಪಂಪು

ಇಷ್ಟೆಲ್ಲ ಯಾಕೆ, ಹಿಂದೆ ಏರ್ ಬ್ಯಾಗ್ (ಸ್ಪ್ರಿಂಗಿಗೆ ಆಸರೆ ಕೊಡುವ ಗಾಳಿ ಚೀಲ) ಹಾಕಿಸಿದರೆ ಮುಗಿಯಿತಲ್ಲ? ಗಾಡಿ ನೇರ ನಿಲ್ಲುತ್ತೆ, ಲೋಡೂ ಹೆಚ್ಚು ಹಾಕಬಹುದು ಅಂತ ಹಾಕಿಕೊಡುವವರೇ ಹೇಳ್ತಾರೆ.

ಸ್ಪ್ಯಾನರ್_12

ನೇರ ನಿಲ್ಲುತ್ತದೆ, ಅದು ನಿಜ. ಲೋಡ್ ಹೆಚ್ಚು ಹಾಕಬಹುದು ಅನ್ನುವುದು ಅಷ್ಟು ಸಲೀಸಲ್ಲ. ಆಕ್ಸಲ್‌ನ ಮಿತಿ ಅಂದರೆ ಟೈರ್, ರಿಮ್, ಬೇರಿಂಗ್, ಬ್ರೇಕ್, ಸ್ಪ್ರಿಂಗ್, ಆಕ್ಸಲ್ ಬೀಮ್ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರದು. ಏರ್ ಬ್ಯಾಗ್ ಸಹಾಯ ಮಾಡುವುದು ಸ್ಪ್ರಿಂಗಿಗೆ ಮಾತ್ರ. 1,030 ಕೆಜಿಯ ಟೈರ್ ಏರ್ ಬ್ಯಾಗ್ ಹಾಕಿದ ಮೇಲೂ 1,030 ಕೆಜಿಯದೇ. ಬಾಲ ತಗ್ಗಿದ್ದು ಕಣ್ಣಿಗೆ ಕಾಣಿಸದೇ ಹೋಗುವುದರಿಂದ ಇನ್ನಷ್ಟು ಹೇರುವ ಧೈರ್ಯ ಬರುತ್ತದೆ, ಅದೇ ಅಪಾಯ.

ಮಿತಿ ಏರಿಸಲೇಬೇಕು ಅಂದರೆ ದಾರಿ ಇದೆ. ಹೆಚ್ಚಿನ ಇಂಡೆಕ್ಸಿನ ಟೈರ್, ಅದಕ್ಕೆ ತಕ್ಕ ರಿಮ್, ಬೇಕಾದ ಕಡೆ ಏರ್ ಬ್ಯಾಗ್ ಅಥವಾ ಬಲವಾದ ಸ್ಪ್ರಿಂಗ್ ಹಾಕಿಸಿ, ಚಾಸಿ ಕಂಪನಿಯ ಒಪ್ಪಿಗೆ ಪತ್ರದೊಂದಿಗೆ ಹೊಸ ಪ್ಲೇಟ್ ಪಡೆಯಬೇಕು. ಹಿಂದಿನ ಆಕ್ಸಲ್ ಮಿತಿ ಮಾತ್ರ ಏರಿಸಿ ಒಟ್ಟು 3,500ರಲ್ಲೇ ಉಳಿಸಿಕೊಳ್ಳುವುದೂ ಸಾಧ್ಯ, ಈ ಗಾಡಿಗೆ ಅದೇ ಹೊಂದುತ್ತದೆ. ಒಟ್ಟು 3,500 ದಾಟಿಸಿದರೆ ಬಹಳ ದೇಶಗಳಲ್ಲಿ ಲೈಸೆನ್ಸ್ ವರ್ಗ, ವೇಗ ಮಿತಿ, ಟೋಲ್ ಎಲ್ಲ ಬದಲಾಗುತ್ತವೆ. ಮೊದಲು ಅದನ್ನು ವಿಚಾರಿಸಿಕೊಂಡು ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಹೆದ್ದಾರಿ_ಹಕ್ಕಿ

ತೂಕ ಇಳಿಸಲು ಎಲ್ಲಿ ಕೈ ಹಾಕಿದರೆ ಫಲ ಸಿಗುತ್ತದೆ ಅನ್ನುವುದೂ ಮುಖ್ಯ. 100 ಎಎಚ್ ಎಜಿಎಂ 27 ಕೆಜಿ ಇದ್ದರೆ ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ 11ರಿಂದ 13. ಎರಡು ಬದಲಿಸಿದರೆ 30 ಕೆಜಿಯ ಆಸುಪಾಸು ಹೋಯಿತು, ಆದರೆ ಚಾರ್ಜರೂ ಅದಕ್ಕೆ ಹೊಂದಬೇಕು. ಸ್ಟೀಲ್ ಸಿಲಿಂಡರ್ ಬದಲು ಕಾಂಪೊಸಿಟ್ ಸಿಕ್ಕರೆ ಖಾಲಿ ತೂಕ ಅರ್ಧದಷ್ಟು ಇಳಿಯುತ್ತದೆ. ಎಡಗಡೆ ಭಾರ ಇರುವ ಇವರ ಗಾಡಿಗೆ ಸಿಲಿಂಡರಿನದು ಎರಡು ಲಾಭ. ಒಂದು ಲಗೇಜ್ ತಕ್ಕಡಿ ತಂದು ಕಪಾಟಿನ ಒಂದೊಂದು ಡಬ್ಬಿ, ಚೀಲ ತೂಗಿ ಬರೆದಿಡಿ. ಮರದ ಹಿಡಿಯ ಸುತ್ತಿಗೆ, ಎರಡನೇ ಜಾಕ್, ಯಾರೂ ತೆರೆಯದ ಪುಸ್ತಕದ ಕಟ್ಟು ಹೀಗೆ 25 ಕೆಜಿ ತಾನಾಗಿ ಹೊರಬರುತ್ತದೆ.

ಗಾಲಿಮನೆ

ಹೇಳಿದ್ದಷ್ಟೂ ಮಾಡಿ ಮತ್ತೆ ತೂಗಿಸಿದೆ. ಮೊದಲು ಹಳೆಯ ಲೋಡಿನಲ್ಲೇ ಪ್ಯಾಡ್ ಲೆಕ್ಕ: ಹಿಂದಿನ ಎಡ ಚಕ್ರ 1,080, ಬಲ 960. ಸ್ಪ್ಯಾನರ್ ಸರ್ ಹೇಳಿದ್ದೇ ನಿಜ, ಎಡ ಟೈರ್ ಅದರ ಮಿತಿಗಿಂತ 50 ಕೆಜಿ ಮೇಲಿತ್ತು.

ನೀರು 20 ಲೀಟರ್, ಗ್ಯಾರೇಜಿನ ಎಡಗಡೆಯಿಂದ 40 ಕೆಜಿ ನಡುವಿಗೆ, 25 ಕೆಜಿ ಮನೆಗೆ, ಸೈಕಲ್ ಬ್ಯಾಟರಿ ಒಳಗೆ. ಈಗ ಬ್ರಿಡ್ಜ್ ಚೀಟಿ: ಒಟ್ಟು 3,380, ಮುಂದೆ 1,460, ಹಿಂದೆ 1,920. ಪ್ಯಾಡ್‌ನಲ್ಲಿ ಹಿಂದಿನ ಎಡ 975, ಬಲ 940. ಗಾಳಿ 5.5 ಬಾರ್, ವಾಲ್ವ್ ಲೋಹದ್ದೇ ಇದೆ.

ಒಂದೇ ಅನುಮಾನ. ತಂಗುವ ಜಾಗದಲ್ಲಿ ನೀರು 100 ಲೀಟರ್ ತುಂಬಿಸಿ ಬಳಸಿ ಹೊರಟರೆ ತೂಕ ಹೇಗೂ ಕಡಿಮೆಯೇ ಆಗಿರುತ್ತದಲ್ಲ?

ಸನ್ನೆಕೋಲು

ಕಡಿಮೆ ಆಗುವುದಿಲ್ಲ, ಬಳಸಿದ ನೀರು ಗ್ರೇ ಟ್ಯಾಂಕಿಗೆ ಹೋಗಿ ಕೂತಿರುತ್ತದೆ. ನಿಮ್ಮ ಗ್ರೇ ಟ್ಯಾಂಕ್ ಎಲ್ಲಿದೆ?

ಗಾಲಿಮನೆ

ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಹಿಂದೆ.

ಸನ್ನೆಕೋಲು

ಹಾಗಾದರೆ ನೋಡಿ. ಆ 80 ಲೀಟರ್ ಮುಂದಿನ ಶುದ್ಧ ಟ್ಯಾಂಕಿನಲ್ಲಿದ್ದಾಗ ಹಿಂದಿನ ಆಕ್ಸಲ್‌ಗೆ ಬೀಳುವುದು 56. ಅದೇ ನೀರು ಸಿಂಕಿನಿಂದ ಗ್ರೇ ಟ್ಯಾಂಕಿಗೆ ಇಳಿದರೆ 80 × 4.5 ÷ 4 = 90. ಶುದ್ಧ ನೀರು ಫುಲ್, ಗ್ರೇ ಖಾಲಿ ಇದ್ದರೆ ಹಿಂದೆ 1,976, ಒಟ್ಟು 3,460. ಬ್ರಿಡ್ಜ್ ತಪ್ಪು ಸೇರಿಸಿದರೆ ತೀರಾ ಅಂಚು, ಹತ್ತಿರದ ದಾರಿಗೆ ಮಾತ್ರ. ಗ್ರೇಯಲ್ಲಿ 80 ಲೀಟರ್ ಇಟ್ಟುಕೊಂಡು ಹೊರಟರೆ ಹಿಂದೆ 2,010, ಮತ್ತೆ ಮಿತಿ ದಾಟಿತು. ಗ್ರೇಯಲ್ಲಿ 80 ಇದ್ದು ಶುದ್ಧವನ್ನೂ ಪೂರ್ತಿ ತುಂಬಿಸಿದರೆ ಒಟ್ಟು 3,540.

ತಕ್ಕಡಿ

ಆದ್ದರಿಂದ ಹೊರಡುವ ಬೆಳಿಗ್ಗೆ ಕ್ರಮ ಹೀಗಿರಲಿ: ನಿಗದಿತ ಜಾಗದಲ್ಲಿ ಗ್ರೇ ಮತ್ತು ಟಾಯ್ಲೆಟ್ ಕ್ಯಾಸೆಟ್ (ಮಲದ ಡಬ್ಬಿ) ಎರಡೂ ಖಾಲಿ, ಆಮೇಲೆ ಶುದ್ಧ ನೀರು 20 ಲೀಟರಿಗೆ. ಗ್ರೇ ಟ್ಯಾಂಕಿನ ಮೀಟರನ್ನು ನಂಬಬೇಡಿ, ಒಳಗಿನ ಸೆನ್ಸರ್ ಕಡ್ಡಿಗೆ ಜಿಡ್ಡು ಕಟ್ಟಿ ಅರ್ಧ ಇದ್ದರೂ ಫುಲ್, ಖಾಲಿ ಇದ್ದರೂ ಅರ್ಧ ತೋರಿಸುತ್ತದೆ. ವಾಲ್ವ್ ತೆರೆದು, ಹನಿ ನಿಲ್ಲುವವರೆಗೆ ಕಾದು ಮುಚ್ಚಿ.